ನೆಲದ ಹಕ್ಕು ಮತ್ತು ಆಚರಣೆಯ ಸಾಕ್ಷ್ಯ: ಕೈಗಾ ವಿರೋಧಿ ಚಳವಳಿಯ ಮರು ಅವಲೋಕನ

ಅಣುಶಕ್ತಿ ಯೋಜನೆಗಳಿಗೆ ಎದುರಾದ ಜನವಿರೋಧವನ್ನು ಪರಿಸರ ಚಳವಳಿಯ ಚರಿತ್ರೆಯ ಭಾಗವಾಗಿ ಬರೆಯುವುದು ರೂಢಿ. ಸಮುದಾಯವೊಂದು ತನ್ನ ನೆಲದೊಡನೆ ಹೊಂದಿರುವ ಆಚರಣಾತ್ಮಕ ಸಂಬಂಧಕ್ಕೆ ಆ ವಿರೋಧದಲ್ಲಿ ಯಾವ ಸ್ಥಾನ ದೊರೆಯಿತು ಎಂಬ ಪ್ರಶ್ನೆ ಜಾನಪದ ಅಧ್ಯಯನಕ್ಕೆ ಸೇರಿದ್ದು. ಪುತ್ತೂರು, ಸುಳ್ಯ, ಕಡಬ ಪರಿಸರದ ಒಂದು ಆಚರಣೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಸ್ಥಾಪಿಸುವ ನಿರ್ಧಾರವನ್ನು 1980ರ ದಶಕದಲ್ಲಿ ಉತ್ತರ ಕನ್ನಡದ ಜನರು ವಿರೋಧಿಸಿದರು. ದಶಕಗಳ ಕಾಲ ಪುತ್ತೂರಿನಲ್ಲಿ ನೆಲೆಸಿದ್ದ ಕೆ. ಶಿವರಾಮ ಕಾರಂತರು (1902-1997) ಆ ಹೋರಾಟದ ಮುಂಚೂಣಿಯಲ್ಲಿದ್ದರು. 1989ರಲ್ಲಿ ಕೆನರಾ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿ ಸೋತರು. ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿದರು. 1994ರ ಮೇ ತಿಂಗಳಲ್ಲಿ ನಿರ್ಮಾಣ ಹಂತದ ಗುಮ್ಮಟದ ಒಳಭಾಗ ಕುಸಿದಾಗ ಜನರ ಆತಂಕಕ್ಕೆ ಪುಷ್ಟಿ ದೊರೆಯಿತು. ಆದರೆ 2000ದಲ್ಲಿ ಎರಡು ಘಟಕಗಳು ಕಾರ್ಯಾರಂಭ ಮಾಡಿದವು. 2011ರ ವೇಳೆಗೆ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ಘಟಕಗಳ ಸಂಖ್ಯೆ ನಾಲ್ಕಕ್ಕೇರಿತು. ಈ ಹೋರಾಟದ ವಾದಗಳು ಪ್ರಧಾನವಾಗಿ ವಿಕಿರಣ, ಅರಣ್ಯನಾಶ, ಸುರಕ್ಷತೆಗಳನ್ನು ಕುರಿತವು. ಅಂದರೆ ಅದರ ಭಾಷೆ ವಿಜ್ಞಾನ ಮತ್ತು ಕಾನೂನಿನದು.

ಕಾರಂತರಿಗೆ ಇನ್ನೊಂದು ಭಾಷೆಯೂ ತಿಳಿದಿತ್ತು. ಅವರ 'ಕುಡಿಯರ ಕೂಸು' ಕಾದಂಬರಿಯ ವಸ್ತು ಘಟ್ಟದ ಮಲೆಕುಡಿಯರ ಬದುಕು. ಸುಳ್ಯ, ಕಡಬ ಭಾಗಗಳಲ್ಲೂ ನೆಲೆಸಿರುವ ಈ ಸಮುದಾಯ ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿಗೆ ಕಾಡಿನ ಬೆತ್ತ, ಬಿದಿರುಗಳಿಂದ ಬ್ರಹ್ಮರಥವನ್ನು ಕಟ್ಟುತ್ತದೆ. ಇದನ್ನು ಕೇವಲ ದೇವಾಲಯದ ಸೇವೆಯೆಂದು ಭಾವಿಸುವುದು ಸಾಲದು. ಬೆತ್ತವೆಲ್ಲಿ ಬೆಳೆಯುತ್ತದೆ, ಅದನ್ನು ಯಾರು, ಯಾವಾಗ ಕಡಿಯಬೇಕು ಎಂಬ ತಿಳಿವಳಿಕೆಯಿಲ್ಲದೆ ತೇರು ಸಿದ್ಧವಾಗದು. ಕಾಡಿನ ಬಳಕೆಯ ಪರಂಪರಾಗತ ಹಕ್ಕು ಇಲ್ಲಿ ಕರ್ತವ್ಯದ ರೂಪದಲ್ಲಿ ಉಳಿದುಬಂದಿದೆ.

ಇಂಥ ಸಂಬಂಧವೇ ಹೋರಾಟದ ಆಧಾರವಾದ ನಿದರ್ಶನ ಆಸ್ಟ್ರೇಲಿಯಾದಲ್ಲಿದೆ. ಉತ್ತರ ಪ್ರಾಂತ್ಯದ ಜಬಿಲುಕಾದಲ್ಲಿ ಯುರೇನಿಯಂ ಗಣಿಯ ವಿರುದ್ಧ ಮಿರಾರ್ ಮೂಲನಿವಾಸಿಗಳು ಯವೋನ್ ಮಾರ್ಗರೂಲಾ ಅವರ ನೇತೃತ್ವದಲ್ಲಿ 1998ರಲ್ಲಿ ತಿಂಗಳುಗಟ್ಟಲೆ ತಡೆ ನಡೆಸಿದರು. ಪವಿತ್ರ ಸ್ಥಳಗಳನ್ನು ಕಾಯುವುದು ತಮ್ಮ ಹೊಣೆ ಎಂಬುದು ಅವರ ಮುಖ್ಯ ವಾದಗಳಲ್ಲೊಂದು. ಅವರ ಸಮ್ಮತಿಯಿಲ್ಲದೆ ಗಣಿಗಾರಿಕೆ ನಡೆಸುವುದಿಲ್ಲವೆಂದು ಕಂಪನಿ 2005ರಲ್ಲಿ ಒಪ್ಪಂದ ಮಾಡಿಕೊಂಡಿತು. ಸಾಂಪ್ರದಾಯಿಕ ಒಡೆತನವನ್ನು ಗುರುತಿಸುವ 1976ರ ಕಾಯಿದೆ ಅವರ ಬೆನ್ನಿಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಕೈಗಾ ಹೋರಾಟದ ಕಾಲಕ್ಕೆ ನಮ್ಮಲ್ಲಿ ಅಂಥ ಕಾನೂನಿನ ಆಸರೆ ಇರಲಿಲ್ಲ. 2006ರ ಅರಣ್ಯ ಹಕ್ಕುಗಳ ಕಾಯಿದೆಯ ನಿಯಮಗಳು ಪವಿತ್ರ ಸ್ಥಳ, ಸಮಾಧಿ ಭೂಮಿ, ಬರಹಕ್ಕಿಳಿಸಿದ ಹಿರಿಯರ ಹೇಳಿಕೆಗಳನ್ನು ಸಾಕ್ಷ್ಯವಾಗಿ ಸ್ವೀಕರಿಸುತ್ತವೆ. ಆದ್ದರಿಂದ ಆಚರಣೆಯ ದಾಖಲಾತಿ ಇಂದು ವಿದ್ವತ್ತಿನ ಕೆಲಸ ಮಾತ್ರವಲ್ಲ. ಹಾಡು, ಕಥೆಗಳ ಜೊತೆಗೆ ಅವು ನಿರ್ದೇಶಿಸುವ ಬನ, ಹೊಳೆ, ಹಾದಿಗಳನ್ನೂ ಅವುಗಳ ಮೇಲಿನ ಕರ್ತವ್ಯಗಳನ್ನೂ ದಾಖಲಿಸಬೇಕು. ಈ ಕೆಲಸ ಯೋಜನೆಯ ನಕ್ಷೆ ಸಿದ್ಧವಾಗುವ ಮೊದಲೇ ನಡೆಯಬೇಕು.