ಗಾಜಿನ ಗುಂಡು ಮತ್ತು ಮತ್ತೋಡಿನ ಕುಲುಮೆ

ಕಚೇರಿಯ ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಕಾಗದಗಳು ಹಾರದಂತೆ ಇಟ್ಟಿರುವ ಗಾಜಿನ ಗುಂಡನ್ನು ಶ್ರೋತೃಗಳೆಲ್ಲರೂ ಕಂಡಿರುವಿರಿ. ಅದನ್ನು ಮಾಡಿದವನು ಯಾರೆಂದು ಕೇಳಿದವರು ವಿರಳ. ಪಾಶ್ಚಾತ್ಯ ದೇಶಗಳಲ್ಲಿಯಾದರೋ ಹಳೆಯ ಗುಂಡುಗಳನ್ನು ಹರಾಜಿನಲ್ಲಿ ಕೊಂಡು ಕೂಡಿಡುವ ರಸಿಕರುಂಟು. ಅವರು ಮೊದಲು ಹುಡುಕುವುದು ಕರ್ತೃವಿನ ಗುರುತನ್ನು.

ಈ ಕಲೆ ಪ್ರಸಿದ್ಧಿಗೆ ಬಂದದ್ದು 1845ರ ಸುಮಾರಿಗೆ. ವೆನಿಸಿನ ಪಿಯೆತ್ರೊ ಬಿಗಾಲಿಯಾ ಎಂಬಾತನು ಆ ವರ್ಷ ವಿಯೆನ್ನಾದ ಕೈಗಾರಿಕಾ ಪ್ರದರ್ಶನದಲ್ಲಿ ಇಂಥ ಗುಂಡುಗಳನ್ನು ಇಟ್ಟಿದ್ದನು. ಸ್ವಲ್ಪ ಕಾಲದಲ್ಲಿಯೇ ಫ್ರಾನ್ಸಿನ ಬಾಕರಾ, ಸ್ಯಾಂ ಲೂಯಿ, ಕ್ಲಿಶಿ ಕಾರ್ಖಾನೆಗಳು ಅವನನ್ನು ಮೀರಿಸಿದವು. ಬಣ್ಣಬಣ್ಣದ ಗಾಜನ್ನು ಒಂದರೊಳಗೊಂದು ಸೇರಿಸಿ, ಕಾಯಿಸಿ, ಉದ್ದಕ್ಕೆ ಎಳೆದು ಕಡ್ಡಿ ಮಾಡುವರು. ಕಡ್ಡಿಯನ್ನು ಕತ್ತರಿಸಿದರೆ ಪ್ರತಿಯೊಂದು ಬಿಲ್ಲೆಯಲ್ಲಿಯೂ ಅದೇ ಹೂವು. ಈ ಬಿಲ್ಲೆಗಳನ್ನು ಜೋಡಿಸಿ, ಮೇಲೆ ಕರಗಿದ ತಿಳಿಗಾಜನ್ನು ಹೊದಿಸಿ, ಬಹು ನಿಧಾನವಾಗಿ ಆರಿಸಬೇಕು. ಆತುರಪಟ್ಟರೆ ಗುಂಡು ತಾನಾಗಿ ಸೀಳುವುದು.

ಬಿಗಾಲಿಯಾ ತನ್ನ ಗುಂಡುಗಳೊಳಗೆ ‘ಪಿ. ಬಿ.’ ಎಂಬ ಅಕ್ಷರಗಳನ್ನೂ ವರ್ಷವನ್ನೂ ಹುದುಗಿಸಿದನು. ಬಾಕರಾದ ಗುಂಡುಗಳಲ್ಲಿ ‘ಬಿ 1848’ ಎಂದಿರುವುದುಂಟು. ಆದರೆ ಅದು ಕಾರ್ಖಾನೆಯ ಹೆಸರು, ಕುಲುಮೆಯ ಮುಂದೆ ಬೆವರಿದವನದಲ್ಲ. ಕೈಯಾರೆ ಮಾಡಿ ತನ್ನ ಹೆಸರನ್ನೇ ಇಟ್ಟವನೆಂದರೆ, ಇಪ್ಪತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಲ್ಲಿದ್ದ ಪಾಲ್ ಯಿಸಾರ್ಟ್.

ನಮ್ಮ ನಾಡಿನಲ್ಲಿ ಗಾಜಿನ ಕೆಲಸವಿರಲಿಲ್ಲವೆ? ಟಿಪ್ಪುವಿನ ಪತನವಾದ ಮರುವರ್ಷ, 1800ರಲ್ಲಿ, ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ನೋಡಲು ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್ ಕೋಲಾರದ ಕಡೆಯಿಂದ ದೊಡ್ಡಬಳ್ಳಾಪುರಕ್ಕೆ ಬಂದು, ಶಿರಾದ ಕಡೆಗೆ ಸಾಗಿದನು. ಚನ್ನಪಟ್ಟಣದಲ್ಲಿ ಬಳೆ ಮಾಡುವವರನ್ನು ಕಂಡನು. ಅದೇ ಪ್ರವಾಸದ ಉತ್ತರಾರ್ಧದಲ್ಲಿ, ಇಂದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಗಾಜನ್ನೇ ತಯಾರಿಸುವ ಕುಲುಮೆಗಳು ಅವನ ಕಣ್ಣಿಗೆ ಬಿದ್ದವು. ಊರಿನ ಗೋಡೆಗೆ ಒಳಗಿನಿಂದ ಆನಿಸಿ ಕಟ್ಟಿದ್ದ, ಗುಮ್ಮಟದಾಕಾರದ ಕುಲುಮೆಗಳು. ಕಪ್ಪು, ಹಸುರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣದ ಗಾಜು. ಸಾಮಗ್ರಿಯೆಲ್ಲ ಹತ್ತಿರದ್ದೇ: ಬಿಳಿಯ ಬೆಣಚುಕಲ್ಲಿನ ಪುಡಿ, ಮತ್ತು ಅಗಸರು ಬಟ್ಟೆಗೆ ಬಳಸುವ ಸವಳುಮಣ್ಣಿನ ಕ್ಷಾರ. ಬುಕಾನನ್ನನು ಒಲೆಯ ಅಳತೆಯನ್ನು ಸಹ ಬರೆದಿಟ್ಟನು. ಸಾಮಾನ್ಯವಾಗಿ ಲೆಕ್ಕಪತ್ರದ ಮನಸ್ಸಿನವನಾದ ಅವನಿಗೆ ನಾವು ಋಣಿಗಳು. ಅವನ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಗದಿದ್ದರೆ ಮತ್ತೋಡಿನ ವಿಷಯದಲ್ಲಿ ನಮಗೆ ಉಳಿಯುತ್ತಿದ್ದುದು ಬಹು ಅಲ್ಪ.

ಹಳೆಯ ಬಳೆಗಾರಿಕೆಯ ಕೈಚಳಕ ಸಾಮಾನ್ಯವಾದುದಲ್ಲ. ಕರಗಿದ ಗಾಜಿನ ತೊಟ್ಟನ್ನು ಕಬ್ಬಿಣದ ಕಡ್ಡಿಯಿಂದ ಚುಚ್ಚಿ, ತಿರುಗುವ ಮಣ್ಣಿನ ಶಂಕುವಿನ ಮೇಲೆ ಹಿಗ್ಗಿಸಿದರೆ ಬೆಸುಗೆಯಿಲ್ಲದ ಬಳೆ. ಹೂಗುಂಡನ್ನು ಮೆಚ್ಚುವ ಕಣ್ಣು ಇದನ್ನೂ ಮೆಚ್ಚಬೇಕು. ಗುಂಡು ಮೇಜಿನ ಮೇಲೆ ಸುಖವಾಗಿ ಕುಳಿತು ನೂರು ವರ್ಷ ಬಾಳಿತು. ಬಳೆಯಾದರೋ ನೀರು ಸೇದುವ, ರಾಗಿ ಬೀಸುವ ಕೈಯಲ್ಲಿ ಒಡೆಯಿತು. ಒಡೆದುದನ್ನು ಯಾರು ಕೂಡಿಡುವರು? ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೊಹೀಮಿಯದ ಅಗ್ಗದ ಬಳೆಗಳು ಹಡಗಿನಲ್ಲಿ ಬಂದಿಳಿದವು, ಆಮೇಲೆ ಫಿರೋಜಾಬಾದಿನವು. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಹೆಣ್ಣುಮಕ್ಕಳು ಇಂದಿಗೂ ಬಳೆ ತೊಡುತ್ತಾರೆ. ಮತ್ತೋಡಿನ ಹೆಸರು ಅಲ್ಲಿ ಕೇಳಿಬರುವುದಿಲ್ಲ.

ಆದರೆ ಗಾಜು ತನ್ನ ಹುಟ್ಟೂರನ್ನು ಪೂರ್ತಿಯಾಗಿ ಮರೆಯುವುದಿಲ್ಲವೆಂದು ರಸಾಯನಶಾಸ್ತ್ರಜ್ಞರು ಈಚೆಗೆ ತೋರಿಸಿದ್ದಾರೆ. ಸವಳುಮಣ್ಣಿನಿಂದಾದ ಗಾಜಿನಲ್ಲಿ ಅಲ್ಯೂಮಿನದ ಅಂಶ ಹೆಚ್ಚು. ಮೆಡಿಟರೇನಿಯನ್ ಕಡೆಯ ಹಳೆಯ ಗಾಜಿನಲ್ಲಿ ಅದು ಕಡಿಮೆ. ಪೂರ್ವ ಆಫ್ರಿಕದ ಕಡಲತೀರದಲ್ಲಿಯೂ ಆಗ್ನೇಯ ಏಷ್ಯದಲ್ಲಿಯೂ ದೊರೆತ ಪುರಾತನ ಮಣಿಗಳಲ್ಲಿ ಅನೇಕವು ನಮ್ಮ ದೇಶದ ಗಾಜೆಂದು ಗುರುತಿಸಿರುವುದು ಈ ಲಕ್ಷಣದಿಂದಲೇ. ಮತ್ತೋಡಿನ ಹಳೆಯ ಪಾಟಿಯಲ್ಲಿ ಸಿಕ್ಕುವ ಒಂದು ಬಳೆಚೂರನ್ನೂ ಹಾಗೆಯೇ ಪರೀಕ್ಷಿಸಬಹುದು.