ಬಿಸಿಲ ನಾಡಿನಲ್ಲಿ ಬಾಬರನ ಸಂಸಾರ

ಮಲೆನಾಡಿನ ಹೆಣ್ಣನ್ನು ಬಳ್ಳಾರಿಗೋ ರಾಯಚೂರಿಗೋ ಕೊಟ್ಟರೆ, ಆಕೆ ತವರಿಗೆ ಬರೆಯುವ ಮೊದಲ ಬೇಸಗೆಯ ಕಾಗದ ಹೇಗಿರುತ್ತದೆಂಬುದನ್ನು ನೀವೆಲ್ಲ ಬಲ್ಲಿರಿ. ನೀರು ಉಪ್ಪು, ಗಾಳಿ ಬೆಂಕಿ, ಮಧ್ಯರಾತ್ರಿಯಾದರೂ ಗೋಡೆ ಆರುವುದಿಲ್ಲ, ಹೂವಿನ ಗಿಡ ನೆಟ್ಟರೆ ಬದುಕುವುದಿಲ್ಲ. ಮೂರು ನಾಲ್ಕು ವರ್ಷ ಕಳೆದ ಮೇಲೆ ಬರುವ ಕಾಗದದ ಧಾಟಿಯೇ ಬೇರೆ. ಅದರಲ್ಲಿ ಬಿಸಿಲಿನ ಮಾತು ಒಂದು ಸಾಲು, ಮಕ್ಕಳ ಮಾತು ಮೂರು ಪುಟ. ಬಿಸಿಲೇನೂ ಕಡಿಮೆಯಾಗಿರುವುದಿಲ್ಲ. ಹಾಗಾದರೆ ಕಡಿಮೆಯಾದದ್ದು ಯಾವುದು?

ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರ ಹುಡುಕುವವರು ಸಾಮಾನ್ಯವಾಗಿ ನಿರಾಶರಾಗುತ್ತಾರೆ. ಶಾಲೆಯ ಪಾಠಪುಸ್ತಕಗಳಲ್ಲಿ ಯುದ್ಧಗಳು ಬೇಸಗೆಯಲ್ಲಿ ನಡೆದರೂ ಯಾರಿಗೂ ಬೆವರು ಬರುವುದಿಲ್ಲ. 1526ರ ಏಪ್ರಿಲಿನಲ್ಲಿ ಪಾಣಿಪತ್ತಿನಲ್ಲಿ ಬಾಬರನು ಇಬ್ರಾಹಿಂ ಲೋದಿಯನ್ನು ಗೆದ್ದನು ಎಂದು ಹುಡುಗರು ಬಾಯಿಪಾಠ ಒಪ್ಪಿಸುತ್ತಾರೆ. ಗೆದ್ದ ಮರುತಿಂಗಳು ಮೇ, ಊರು ಆಗ್ರಾ ಎಂಬುದನ್ನು ಯಾರೂ ನೆನೆಯುವುದಿಲ್ಲ. ಆದರೆ ನಮ್ಮ ಭಾಗ್ಯಕ್ಕೆ ಆ ಮನೆತನದ ಇಬ್ಬರು ಲೇಖನಿ ಹಿಡಿದವರು. ಬಾಬರನು ತನ್ನ ತಾಯ್ನುಡಿಯಾದ ತುರ್ಕಿಯಲ್ಲಿ ಆತ್ಮಕಥೆ ಬರೆದಿಟ್ಟನು. ಅವನ ಮಗಳು ಗುಲ್ಬದನ್ ಬೇಗಂ, ಅಣ್ಣನ ಮಗನಾದ ಅಕ್ಬರನ ಅಪ್ಪಣೆಯಂತೆ, ಮುಪ್ಪಿನಲ್ಲಿ ತನ್ನ ನೆನಪುಗಳನ್ನು ಪಾರಸಿಯಲ್ಲಿ ಬರೆದಳು. ತಂದೆಯ ಪುಸ್ತಕದಲ್ಲಿ ಬಿಸಿಲು ತುಂಬಿದೆ, ಮಗಳ ಪುಸ್ತಕದಲ್ಲಿ ಮನೆ ತುಂಬಿದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದರೆ, ಒಂದು ಪಾಳೆಯವು ಸಂಸಾರವಾದ ಬಗೆ ನಮಗೆ ಕಾಣುತ್ತದೆ.

ಮೊದಲು ಅವರು ಬಿಟ್ಟು ಬಂದ ನಾಡನ್ನು ನೋಡೋಣ. ಬಾಬರನು 1483ರಲ್ಲಿ ಹುಟ್ಟಿದ್ದು ಮಧ್ಯ ಏಷ್ಯದ ಫರ್ಗಾನಾ ಕಣಿವೆಯಲ್ಲಿ. 1504ರಲ್ಲಿ ಕಾಬೂಲನ್ನು ಹಿಡಿದ ಮೇಲೆ ಅದೇ ಅವನ ಮನೆಯಾಯಿತು. ಕಾಬೂಲು ಸಮುದ್ರಮಟ್ಟಕ್ಕಿಂತ ಸುಮಾರು 5900 ಅಡಿ ಎತ್ತರದಲ್ಲಿದೆ. ಅಲ್ಲಿಂದ ಒಂದು ದಿನ ಪ್ರಯಾಣ ಮಾಡಿದರೆ ಹಿಮವೇ ಬೀಳದ ಸೀಮೆಯನ್ನು ಸೇರಬಹುದು, ಒಂದೆರಡು ಗಳಿಗೆಯಲ್ಲಿ ಹಿಮವೇ ಕರಗದ ಎತ್ತರವನ್ನೂ ಸೇರಬಹುದು ಎಂದು ಅವನು ಹೆಮ್ಮೆಪಟ್ಟಿದ್ದಾನೆ. ದ್ರಾಕ್ಷಿ, ಕರಬೂಜ, ದಾಳಿಂಬೆ, ಹರಿಯುವ ತಣ್ಣೀರು, ಇವು ಅಲ್ಲಿನ ನಿತ್ಯದ ಸುಖ. ಆಗ್ರಾ ಅದಕ್ಕಿಂತ ಏಳು ಡಿಗ್ರಿಗೂ ಹೆಚ್ಚು ದಕ್ಷಿಣಕ್ಕಿದೆ, ಎತ್ತರ ಸುಮಾರು 550 ಅಡಿ ಮಾತ್ರ. ಬೆಟ್ಟದ ಮೇಲಿನ ಮನೆಯಿಂದ ಒಲೆಯ ಪಕ್ಕಕ್ಕೆ ಬಂದು ಕುಳಿತಂತಾಯಿತು.

ಆ ವರ್ಷದ ಬಿಸಿಲು ಅಸಾಧಾರಣವಾಗಿತ್ತೆಂದು ಬಾಬರನೇ ಹೇಳುತ್ತಾನೆ. ಬಿಸಿಗಾಳಿ ತಗುಲಿ ಅವನ ಜನ ಗುಂಪುಗುಂಪಾಗಿ ಬಿದ್ದು ಸತ್ತರು. ಊರವರು ಭಯದಿಂದ ಹಳ್ಳಿಗಳನ್ನು ಬಿಟ್ಟು ಓಡಿದ್ದರಿಂದ ಮನುಷ್ಯರಿಗೆ ಕಾಳಿಲ್ಲ, ಕುದುರೆಗಳಿಗೆ ಹುಲ್ಲಿಲ್ಲ. ಇದನ್ನು ಓದುವಾಗ ನಾವು ಒಂದನ್ನು ಮರೆಯಬಾರದು. ಬಂದವರ ಕಷ್ಟ ನಮಗೆ ಗೊತ್ತಿರುವುದು ಅವರು ಬರೆದಿಟ್ಟುದರಿಂದ. ಮನೆಮಠ ಬಿಟ್ಟು ಅದೇ ಬಿಸಿಲಿನಲ್ಲಿ ಕಾಡುಪಾಲಾದ ಹಳ್ಳಿಯವರ ಸಂಸಾರ ಏನಾಯಿತೆಂದು ಬರೆದವರಿಲ್ಲ.

ಗೆದ್ದ ಸರದಾರರು ಗೊಣಗತೊಡಗಿದರು. ಕೊಳ್ಳೆ ದೊರೆಯಿತು, ಇನ್ನು ಊರಿಗೆ ಹೋಗೋಣ ಎಂಬುದೇ ಎಲ್ಲರ ಮಾತು. ಬಾಬರನು ಸಭೆ ಸೇರಿಸಿ, ಇಷ್ಟು ವರ್ಷ ಪಾಡುಪಟ್ಟು ಗಳಿಸಿದ ನಾಡನ್ನು ಯಾವ ಶತ್ರುವಿನ ಒತ್ತಾಯವೂ ಇಲ್ಲದೆ ಬಿಟ್ಟು, ಮತ್ತೆ ಕಾಬೂಲಿನ ಬಡತನಕ್ಕೆ ಮರಳುವುದು ಸರಿಯೇ ಎಂದು ಕೇಳಿದನು. ಹಲವರು ಒಪ್ಪಿದರು. ಆದರೆ ಅವನಿಗೆ ಬಹಳ ಬೇಕಾದವನಾದ ಖ್ವಾಜಾ ಕಲಾನನು ಒಪ್ಪಲಿಲ್ಲ. ಅವನಿಗೆ ಘಜ್ನಿಯ ಆಡಳಿತವನ್ನು ಕೊಟ್ಟು, ಕಾಬೂಲಿನ ಬಂಧುಗಳಿಗೆ ಹಂಚಬೇಕಾದ ಉಡುಗೊರೆಗಳನ್ನು ಒಪ್ಪಿಸಿ ಕಳಿಸಬೇಕಾಯಿತು. ಹೊರಡುವಾಗ ಅವನು, ಈ ದೇಶದ ಆಸೆ ನನಗಿನ್ನು ಸಾಕು ಎಂಬರ್ಥದ ಪದ್ಯವೊಂದನ್ನು ದಿಲ್ಲಿಯ ತನ್ನ ಮನೆಯ ಗೋಡೆಯ ಮೇಲೆ ಬರೆದು ಹೋದನು. ಬಾಬರನಿಗೆ ಕೋಪ ಬಂದಿತು, ತಾನೂ ಒಂದು ಪದ್ಯ ಬರೆದು ಉತ್ತರ ಕಳಿಸಿದನು. ಸ್ನೇಹಿತರಿಬ್ಬರು ಸೆಕೆಯ ವಿಷಯವಾಗಿ ಪದ್ಯದಲ್ಲಿ ಜಗಳವಾಡಿದ ಉದಾಹರಣೆ ಚರಿತ್ರೆಯಲ್ಲಿ ಹೆಚ್ಚಿರಲಾರದು.

ಉಳಿಯುವ ನಿಶ್ಚಯ ಮಾಡಿದವನಿಗೂ ನಾಡು ಹಿಡಿಸಿರಲಿಲ್ಲ. ಹಿಂದೂಸ್ಥಾನದಲ್ಲಿ ಏನೇನಿಲ್ಲ ಎಂಬುದಕ್ಕೆ ಅವನು ಒಂದು ಪಟ್ಟಿಯನ್ನೇ ಕೊಡುತ್ತಾನೆ. ಒಳ್ಳೆಯ ಕುದುರೆಯಿಲ್ಲ, ದ್ರಾಕ್ಷಿಯಿಲ್ಲ, ಕರಬೂಜವಿಲ್ಲ, ಹಿಮಗಡ್ಡೆಯಿಲ್ಲ, ತಣ್ಣೀರಿಲ್ಲ, ಪೇಟೆಯಲ್ಲಿ ಒಳ್ಳೆಯ ರೊಟ್ಟಿಯಿಲ್ಲ, ಸ್ನಾನಗೃಹವಿಲ್ಲ. ನಮ್ಮ ಕಪಿಲೆ ಬಾವಿಯನ್ನೂ ಅವನು ಬಿಟ್ಟಿಲ್ಲ. ಎತ್ತು ಕಟ್ಟಿ ಹಗ್ಗದಿಂದ ನೀರೆತ್ತುವಾಗ, ಎತ್ತಿನ ಸಗಣಿ ಗಂಜಲದಲ್ಲಿ ಎಳೆದಾಡಿದ ಹಗ್ಗ ಮತ್ತೆ ಬಾವಿಗೇ ಇಳಿಯುತ್ತದೆ, ಇದು ಕಷ್ಟದ ಕೆಲಸ, ಕೊಳಕಿನ ಕೆಲಸ ಎಂದು ಮೂಗು ಮುರಿದಿದ್ದಾನೆ. ಹೊಸ ಊರಿಗೆ ಬಂದವರ ಪಟ್ಟಿಗಳೆಲ್ಲ ಹೀಗೆಯೇ. ಅವು ಬಂದ ಊರಿನ ವರ್ಣನೆಯಲ್ಲ, ಬಿಟ್ಟ ಊರಿನ ವಿರಹ.

ಆದರೆ ಬಾಬರನ ದೊಡ್ಡ ಗುಣವೆಂದರೆ, ಪಟ್ಟಿ ಬರೆದು ಸುಮ್ಮನೆ ಕೂರಲಿಲ್ಲ. ಯಮುನೆಯ ಆಚೆ ದಡದಲ್ಲಿ ಜಾಗ ಹುಡುಕಿದನು. ನೆಲ ನೋಡಿ ಅವನಿಗೆ ಜುಗುಪ್ಸೆಯಾಯಿತು, ಆದರೂ ಬೇರೆ ಗತಿಯಿರಲಿಲ್ಲ. ಮೊದಲು ದೊಡ್ಡ ಬಾವಿ, ಆಮೇಲೆ ಕೊಳ, ಆಮೇಲೆ ಅಳತೆಯಿಟ್ಟು ಹಾಕಿದ ಪಾತಿಗಳಲ್ಲಿ ಗುಲಾಬಿ. ಈ ದೇಶದಲ್ಲಿ ತಮ್ಮನ್ನು ಪೀಡಿಸಿದವು ಮೂರು, ಸೆಕೆ, ಬಿರುಗಾಳಿ, ಧೂಳು, ಈ ಮೂರಕ್ಕೂ ಹಮ್ಮಾಮು ಒಂದೇ ಮದ್ದು ಎಂದು ಅವನು ಹೇಳುತ್ತಾನೆ. ಚಳಿನಾಡಿನಲ್ಲಿ ಮೈ ಬೆಚ್ಚಗಾಗಲೆಂದು ಕಟ್ಟಿಕೊಳ್ಳುತ್ತಿದ್ದ ಕಲ್ಲಿನ ಸ್ನಾನಗೃಹ ಇಲ್ಲಿ ಬಿಸಿಲಿನಿಂದ ಅಡಗುವ ತಾಣವಾಯಿತು. ದಪ್ಪ ಕಲ್ಲುಗೋಡೆ, ಒಳಗೆ ನೀರು. ಬೇಸಗೆಯಲ್ಲಿಯೂ ಅಲ್ಲಿ ಚಳಿಯೆನಿಸುವಷ್ಟು ತಂಪಿತ್ತಂತೆ. ಹಳೆಯ ವಸ್ತುವನ್ನು ಹೊಸ ಉಪಯೋಗಕ್ಕೆ ಒಗ್ಗಿಸಿಕೊಳ್ಳುವುದು ಎಂದರೆ ಇದು.

ಜೊತೆಯ ಸರದಾರರೂ ನದಿಯ ದಡದಲ್ಲಿ ತೋಟ ಕೊಳಗಳನ್ನು ಮಾಡಿಕೊಂಡರು. ಇಷ್ಟು ಕ್ರಮವಾದ ತೋಟಗಳನ್ನು ನೋಡಿರದ ಊರಜನ ಆ ದಡಕ್ಕೆ ‘ಕಾಬೂಲು’ ಎಂದೇ ಹೆಸರಿಟ್ಟರು. ಆ ಕಾಬೂಲನ್ನು ಕಟ್ಟಿದ ಕೈಗಳು ಮಾತ್ರ ಇಲ್ಲಿಯವು. ಆಗ್ರಾದ ತನ್ನ ಕಟ್ಟಡಗಳಲ್ಲಿ ದಿನವೂ 680 ಮಂದಿ ಕಲ್ಲುಕುಟಿಗರು ದುಡಿಯುತ್ತಿದ್ದರೆಂದು ಬಾಬರನೇ ಲೆಕ್ಕ ಕೊಟ್ಟಿದ್ದಾನೆ. ದೊರೆಗೆ ತಂಪು ಮಾಡಿಕೊಡಲು ಅವರು ಕಾದ ಕಲ್ಲಿನ ಮುಂದೆ ನಿಂತವರು.

ಮೆಲ್ಲಮೆಲ್ಲನೆ ಅವನ ಬರಹದಲ್ಲಿ ಇನ್ನೊಂದು ದನಿ ಸೇರುತ್ತದೆ. ಮಳೆಗಾಲದ ಗಾಳಿ ಬಲು ಹಿತ ಎನ್ನುತ್ತಾನೆ, ಆದರೆ ಆ ತೇವಕ್ಕೆ ಬಿಲ್ಲು, ಪುಸ್ತಕ, ಬಟ್ಟೆ ಎಲ್ಲ ಕೆಡುತ್ತವೆಂದು ಗೃಹಸ್ಥನಂತೆ ಪೇಚಾಡುತ್ತಾನೆ. ಒಳ್ಳೆಯ ಮಾವಿನ ಹಣ್ಣು ನಿಜಕ್ಕೂ ಒಳ್ಳೆಯದೆಂದು ಒಪ್ಪುತ್ತಾನೆ. ದಾಸವಾಳ ಒಂದೇ ದಿನಕ್ಕೆ ಬಾಡುವುದನ್ನು ಗಮನಿಸುತ್ತಾನೆ, ಕೇದಗೆಯ ಪರಿಮಳವನ್ನು ಕೊಂಡಾಡುತ್ತಾನೆ. ಗ್ವಾಲಿಯರಿನಲ್ಲಿ ಕೆಂಪು ಕಣಗಿಲೆಯನ್ನು ಕಂಡು ಮೆಚ್ಚಿ, ಸಸಿ ತರಿಸಿ ಆಗ್ರಾದ ತೋಟದಲ್ಲಿ ನೆಡಿಸುತ್ತಾನೆ. ನಮ್ಮ ನಾಡೂ ಅವನ ಕಣ್ಣಿಗೆ ಬಿದ್ದಿತ್ತು. ವಿಜಯನಗರದ ಅರಸನನ್ನು ಅವನು ಈ ದೇಶದ ಬಹು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸಿದ್ದಾನೆ. ಆಗ ಹಂಪೆಯಲ್ಲಿ ಆಳುತ್ತಿದ್ದವನು ಕೃಷ್ಣದೇವರಾಯ.

ಇಷ್ಟಾದರೂ ಮನಸ್ಸು ನಿಂತಿತೆ? ಇಲ್ಲ. 1529ರ ಫೆಬ್ರವರಿಯಲ್ಲಿ, ಅದೇ ಖ್ವಾಜಾ ಕಲಾನನಿಗೆ ಬರೆದ ಕಾಗದದಲ್ಲಿ ಬಾಬರನು ತನ್ನ ಒಳಗನ್ನು ತೋಡಿಕೊಂಡಿದ್ದಾನೆ. ಯಾರೋ ಒಂದು ಕರಬೂಜವನ್ನು ತಂದುಕೊಟ್ಟರಂತೆ. ಅದನ್ನು ಕೊಯ್ದು ತಿನ್ನುವಾಗ ಅವನಿಗೆ ಅಳು ತಡೆಯಲಾಗಲಿಲ್ಲ. ತೋಟವಿತ್ತು, ತಂಪಿತ್ತು, ರಾಜ್ಯವಿತ್ತು. ಇಲ್ಲದಿದ್ದುದು ಮನೆಯ ಜನ. ಮಡದಿ ಮಾಹಂ ಬೇಗಂ, ಚಿಕ್ಕ ಮಕ್ಕಳು ಇನ್ನೂ ಆಗ್ರಾ ತಲಪಿರಲಿಲ್ಲ.

ಮಾಹಂ ಬಂದುದು ಆ ವರ್ಷದ ಜೂನ್ ಕೊನೆಯಲ್ಲಿ, ತಿಂಗಳುಗಟ್ಟಲೆ ದಾರಿ ನಡೆದ ಮೇಲೆ. ಸಂಜೆಯ ಪ್ರಾರ್ಥನೆಯ ಹೊತ್ತಿನಲ್ಲಿ, ಆಕೆ ಊರಿಗೆ ಕೆಲವೇ ಮೈಲಿ ದೂರದಲ್ಲಿದ್ದಾಳೆಂದು ಒಬ್ಬನು ಬಂದು ಹೇಳಿದನು. ಬಾಬರನು ಕುದುರೆಗೆ ಜೀನು ಹಾಕುವವರೆಗೂ ಕಾಯಲಿಲ್ಲ, ಕಾಲುನಡಗೆಯಲ್ಲೇ ಹೊರಟನು. ಎದುರಾದಾಗ ಮಾಹಂ ಇಳಿಯಲು ಹೋದಳು. ಅವನು ಇಳಿಯಗೊಡದೆ, ಆಕೆಯ ಪರಿವಾರದವರ ಜೊತೆಯಲ್ಲಿ ಮನೆಯವರೆಗೂ ನಡೆದೇ ಬಂದನು. ಆಕೆಯೊಡನೆ ಬಂದ ಗುಲ್ಬದನಳಿಗೆ ಆಗ ಸುಮಾರು ಆರು ವರ್ಷ. ತಂದೆ ಹಿಂದೂಸ್ಥಾನಕ್ಕೆ ಹೊರಟಾಗ ಅವಳು ಎರಡು ಮೂರು ವರ್ಷದ ಕೂಸು, ಮುಖದ ಗುರುತು ಉಳಿದಿರುವುದು ಸಾಧ್ಯವೆ? ಕಾಲಿಗೆ ಬಿದ್ದ ಮಗಳನ್ನು ತಂದೆ ಏನೇನೋ ಕೇಳಿದನು, ಎತ್ತಿ ತೋಳಿನಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡನು. ಅದಕ್ಕಿಂತ ಮಿಗಿಲಾದ ಸಂತೋಷವನ್ನು ಕಲ್ಪಿಸಿಕೊಳ್ಳಲಾರೆನೆಂದು ಮುದುಕಿಯಾದ ಮೇಲೂ ಅವಳು ನೆನೆದಿದ್ದಾಳೆ. ಜೂನ್ ತಿಂಗಳ ಆಗ್ರಾಕ್ಕೆ ಬಂದಿಳಿದ ಆ ಹುಡುಗಿಯ ನೆನಪಿನಲ್ಲಿ ಈ ಎಡೆಯಲ್ಲಿ ಬಿಸಿಲಿನ ಸುದ್ದಿಯಿಲ್ಲ.

ಅದೇ ವರ್ಷ ಇನ್ನೊಂದು ಸಂಗತಿ. ಮಧ್ಯ ಏಷ್ಯದ ಬಲ್ಖಿನ ತೋಟಗಾರನೊಬ್ಬನಿಂದ ಆಗ್ರಾದಲ್ಲಿ ಕರಬೂಜದ ಬಳ್ಳಿ ಹಾಕಿಸಿದ್ದು ಫಲಿಸಿತು, ದ್ರಾಕ್ಷಿಯೂ ಬಿಟ್ಟಿತು. ಹಿಂದೂಸ್ಥಾನದ ನೆಲದಲ್ಲಿ ಇವು ಬೆಳೆದದ್ದನ್ನು ಕಂಡು ಬಾಬರನು ತೃಪ್ತನಾದನು.

ಇನ್ನು, ಮಗಳು ಹೇಳುವ ಒಂದು ಪ್ರಸಂಗವನ್ನು ನೀವು ಅಗತ್ಯವಾಗಿ ಕೇಳಬೇಕು. ಬಾಬರನ ಸೋದರತ್ತೆಯರು ಹಲವರು ಆಗ್ರಾಕ್ಕೆ ಬಂದಿದ್ದರು. ಅವರ ಮನೆಗಳಲ್ಲಿ ಯಾವ ಕೆಲಸವಾಗಬೇಕಾದರೂ ತಡಮಾಡದೆ ಮಾಡಿಕೊಡಬೇಕೆಂದು ತನ್ನ ಕಟ್ಟಡದ ಮುಖ್ಯಸ್ಥನಿಗೆ ಅವನ ಅಪ್ಪಣೆಯಿತ್ತು. ಪ್ರತಿ ಶುಕ್ರವಾರವೂ ತಾನೇ ಅತ್ತೆಯರನ್ನು ನೋಡಲು ಹೋಗುತ್ತಿದ್ದನು. ಒಂದು ಶುಕ್ರವಾರ ಗಾಳಿ ಬೆಂಕಿಯಂತೆ ಬೀಸುತ್ತಿತ್ತು. ಈ ಸಲ ಹೋಗದಿದ್ದರೆ ಏನು, ಅವರು ಬೇಸರಪಟ್ಟುಕೊಳ್ಳುವುದಿಲ್ಲ ಎಂದು ಮಾಹಂ ಹೇಳಿದಳು. ನೀನು ಇಂಥ ಮಾತನ್ನಾಡುವುದೇ ಎಂದು ಬಾಬರನು ಆಶ್ಚರ್ಯಪಟ್ಟನು. ತಂದೆಯಿಲ್ಲದ, ಅಣ್ಣತಮ್ಮಂದಿರಿಲ್ಲದ ಆ ಹೆಣ್ಣುಮಕ್ಕಳನ್ನು ತಾನು ಹೋಗಿ ಮಾತನಾಡಿಸದಿದ್ದರೆ ಇನ್ನು ಯಾರು ಮಾತನಾಡಿಸುವವರೆಂದು ಕೇಳಿದನು.

ಮಾಹಂ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ಗಂಡನ ಆರೋಗ್ಯದ ಕಾಳಜಿ ಹೆಂಡತಿಗೆ ಸಹಜ. ಆದರೆ ಬಾಬರನ ಉತ್ತರದಲ್ಲಿ ಮೂರು ವರ್ಷಗಳ ಪಾಠವಿದೆ. 1526ರಲ್ಲಿ ಬಿಸಿಗಾಳಿಯೆಂದರೆ ದೇಶ ಬಿಟ್ಟು ಹೋಗಲು ಕಾರಣ. ಮನೆಯವರು ಬಂದು ನೆಲಸಿದ ಮೇಲೆ, ಅದೇ ಗಾಳಿ ಎರಡು ಬೀದಿ ದಾಟಿ ಅತ್ತೆಯರ ಮನೆಗೆ ಹೋಗುವುದನ್ನು ತಪ್ಪಿಸಲಾರದು. ಗಾಳಿ ಬದಲಾಗಲಿಲ್ಲ. ಅದರಲ್ಲಿ ನಡೆದು ಹೋಗಲು ಒಂದು ಬಾಗಿಲು ಇತ್ತು, ಅಲ್ಲಿ ಕಾಯುವವರಿದ್ದರು.

ಮುಂದಿನ ಕಥೆ ಸುಖದ್ದೇ ಅಲ್ಲ. ಧೋಲಪುರ, ಸಿಕ್ರಿಗಳ ತೋಟಗಳಲ್ಲಿ ಸಂಸಾರ ಕೆಲವು ದಿನ ನಲಿದಾಡಿತು. ಸಿಕ್ರಿಯ ತೋಟದಲ್ಲಿ ಕುಳಿತು ತಂದೆ ಪುಸ್ತಕ ಬರೆಯುತ್ತಿದ್ದುದನ್ನು ಗುಲ್ಬದನ್ ಕಂಡಿದ್ದಾಳೆ. ಅನಂತರ ಅವಳ ಒಡಹುಟ್ಟಿದ ಪುಟ್ಟ ಅಲ್ವರ್ ಕಾಯಿಲೆಯಿಂದ ತೀರಿಕೊಂಡನು, ಹೆತ್ತ ತಾಯಿ ದಿಲ್‌ದಾರ್ ಬೇಗಂ ದುಃಖದಿಂದ ಹುಚ್ಚಿಯಂತಾದಳು. 1530ರ ಡಿಸೆಂಬರಿನಲ್ಲಿ ಬಾಬರನೂ ಆಗ್ರಾದಲ್ಲಿ ಕಣ್ಣುಮುಚ್ಚಿದನು. ವಯಸ್ಸು ನಲವತ್ತೇಳು. ಮೊದಲು ಅವನನ್ನು ಯಮುನೆಯ ದಡದಲ್ಲೇ ಸಮಾಧಿ ಮಾಡಿದರು. ಮುಂದೆ ದೇಹವನ್ನು ಕಾಬೂಲಿಗೆ ಒಯ್ದು, ಬೆಟ್ಟದ ಇಳಿಜಾರಿನಲ್ಲಿ ಅವನು ಪ್ರೀತಿಸುತ್ತಿದ್ದ ತೋಟದಲ್ಲಿ ಇಟ್ಟರು.

ಮಗಳ ದಾರಿ ಬೇರೆಯಾಯಿತು. 1540ರಲ್ಲಿ ಹುಮಾಯೂನನು ರಾಜ್ಯ ಕಳೆದುಕೊಂಡ ಮೇಲೆ ಗುಲ್ಬದನ್ ಹಲವು ವರ್ಷ ಕಾಬೂಲಿನಲ್ಲಿದ್ದಳು. ತಂಪಾದ ಹಳೆಯ ಮನೆ ಮತ್ತೆ ಸಿಕ್ಕಿತ್ತು, ಅಲ್ಲಿಯೇ ಉಳಿಯಬಹುದಾಗಿತ್ತು. ಆದರೆ 1557ರಲ್ಲಿ ಅಕ್ಬರನ ತಾಯಿ ಹಮೀದಾ ಬಾನುವಿನೊಡನೆ ಅವಳು ಬಿಸಿಲಿನ ನಾಡಿಗೆ ಹಿಂದಿರುಗಿದಳು. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, 1603ರಲ್ಲಿ, ಆಗ್ರಾದಲ್ಲಿ ತೀರಿಕೊಂಡಾಗ ಸ್ವತಃ ಅಕ್ಬರನೇ ಸ್ವಲ್ಪ ದೂರ ಹೆಗಲು ಕೊಟ್ಟನು.

ತಂದೆಗೆ ಮನೆಯೆಂದರೆ ಕೊನೆಗೂ ಕರಬೂಜದ ನಾಡು. ಆರು ವರ್ಷದ ಹುಡುಗಿಯಾಗಿ ಬಂದವಳಿಗೆ ಮನೆಯೆಂದರೆ ತಂದೆ ಎತ್ತಿಕೊಂಡ ಊರು. ಒಂದು ತಲೆಮಾರು ಬಾವಿ ತೋಡಿ ಗಿಡ ನೆಡುತ್ತದೆ, ಅದರ ನೆರಳು ದೊರೆಯುವುದು ಮುಂದಿನವರಿಗೆ. ನಿಮ್ಮ ಮನೆಗೆ ತಂಪುಸೀಮೆಯ ಸೊಸೆಯೊಬ್ಬಳು ಬಂದಿದ್ದರೆ, ಇಲ್ಲವೇ ಅಂಥ ನೆರೆಯವರು ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದರೆ, ಅವರ ಮೊದಲ ಬೇಸಗೆಯ ದೂರುಗಳನ್ನು ತಾಳ್ಮೆಯಿಂದ ಕೇಳಿ. ತಣ್ಣೀರಿನ ಹೂಜಿ ಕೊಡಿ, ಅದು ಬೇಕು. ಅದರ ಜೊತೆಗೆ, ಬಿಸಿಲೆನ್ನದೆ ಒಮ್ಮೆ ಅವರ ಬಾಗಿಲಿಗೆ ಹೋಗಿ ಮಾತನಾಡಿಸಿ ಬನ್ನಿ.