ಕೋರೆಯಲ್ಲಿ ಮಣ್ಣು ಮಾಡಿದ ಚೋರಟೆ

ನಮ್ಮೂರ ಗುಡ್ಡದಲ್ಲಿ ಕೆಂಪುಕಲ್ಲು ತೆಗೆದು ಬಿಟ್ಟುಹೋದ ಒಂದು ಹೊಂಡ ಇದೆ. ನಮ್ಮ ಮನೆಯ ಗೋಡೆಗಳು ಬಂದಿದ್ದು ಅಲ್ಲಿಂದಲೇ. ಹಾಗಾಗಿ ಅದನ್ನ ನೋಡಿದಾಗೆಲ್ಲ ಯಾರನ್ನ ಬೈಯೋದು ಅಂತ ಗೊತ್ತಾಗಲ್ಲ. ಕೋರೆ ಅಂದ್ರೆ ಆ ಜಾಗದ ಕಥೆ ಮುಗೀತು ಅಂದ್ಕೊಂಡಿದ್ದೆ, ಕೀನ್ಯಾದ ಮೊಂಬಾಸಾ ಬಗ್ಗೆ ಓದುವವರೆಗೂ.

ಮೊಂಬಾಸಾ ಪಕ್ಕದ ಬಂಬೂರಿಯಲ್ಲಿ 1954ರಲ್ಲಿ ಸಿಮೆಂಟ್ ತಯಾರಿಕೆ ಶುರುವಾಯಿತು. ಅದಕ್ಕೆ ಬೇಕಾದ ಸುಣ್ಣದಕಲ್ಲು ಸಿಕ್ಕಿದ್ದು, ಒಂದು ಕಾಲಕ್ಕೆ ಸಮುದ್ರದೊಳಗಿದ್ದ ಹವಳದ ದಿಬ್ಬದಲ್ಲಿ. ಅಗೆದು ಅಗೆದು ಕೊನೆಗೆ ಉಳಿದದ್ದು ಬೋಳು ಬಂಡೆ. ಮಣ್ಣಿಲ್ಲ, ನೆರಳಿಲ್ಲ, ಕೆಳಗೆ ಉಪ್ಪುನೀರು. 1971ರಲ್ಲಿ ಅದೇ ಕಂಪನಿಯಲ್ಲಿದ್ದ ಸ್ವಿಟ್ಜರ್ಲೆಂಡ್ ಮೂಲದ ಕೃಷಿತಜ್ಞ ರೆನೆ ಹಾಲರ್ ಅಲ್ಲಿ 26 ಜಾತಿಯ ಗಿಡ ನೆಟ್ಟು ನೋಡಿದರು. ಬದುಕಿದ್ದು ಮೂರೇ ಮೂರು! ನಮ್ಮ ಆಫೀಸಲ್ಲಾದರೆ ಆವತ್ತೇ ಪ್ರಾಜೆಕ್ಟ್ ಕ್ಲೋಸ್.

ಆ ಮೂರರಲ್ಲಿ ಒಂದು ನಮ್ಮ ಕರಾವಳಿಯವರಿಗೆಲ್ಲ ಗೊತ್ತಿರುವ ಗಾಳಿಮರ. ಉಪ್ಪು ತಡೆಯುತ್ತೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನೇ ಗೊಬ್ಬರ ಮಾಡಿಕೊಡುತ್ತವೆ. ಮರವೇನೋ ಬೆಳೀತು. ಆದರೆ ಉದುರಿದ ಸೂಜಿಯಂಥ ಎಲೆ ಕೊಳೀತಾನೇ ಇರಲಿಲ್ಲ. ಎಲೆ ಕೊಳೆಯದೆ ಮಣ್ಣಾಗೋದು ಹೇಗೆ?

ಉತ್ತರ ಕೊಟ್ಟಿದ್ದು ಒಂದು ಹುಳ. ಮಳೆಗಾಲದಲ್ಲಿ ಬಚ್ಚಲಲ್ಲಿ ಸಿಗುತ್ತಲ್ಲ, ಮುಟ್ಟಿದರೆ ಚಕ್ಕುಲಿ ಥರ ಸುತ್ತಿಕೊಳ್ಳೋ ಚೋರಟೆ, ಅದರ ಜಾತಿಯ ಕೆಂಪು ಕಾಲಿನ ಸಹಸ್ರಪದಿ. ಅದು ಈ ಎಲೆ ತಿನ್ನೋದನ್ನ ಹಾಲರ್ ಗಮನಿಸಿದರು. ನೂರಾರು ಹುಳಗಳನ್ನು ತಂದು ಕೋರೆಗೆ ಬಿಟ್ಟರು. ಅವುಗಳ ಹಿಕ್ಕೆಯೇ ಮಣ್ಣಾಯಿತು. ಆಮೇಲೆ ಬೇರೆ ಗಿಡಗಳು, ಹಕ್ಕಿಗಳು, ಮೀನಿನ ಕೊಳಗಳು. ಜಿರಾಫೆ, ನೀರಾನೆಗಳೂ ಬಂದವು. 2004ರ ಸುನಾಮಿಯ ಹೊತ್ತಲ್ಲಿ ಒಂಟಿಯಾದ ನೀರಾನೆ ಮರಿ ಓವನ್, ಮುದಿ ಆಮೆ ಮ್ಝೀಗೆ ಅಂಟಿಕೊಂಡ ಫೋಟೋ ನೆನಪಿರಬೇಕು. ಅದು ಈ ಕೋರೆಯದ್ದೇ. ಈಗ ಅದರ ಹೆಸರು ಹಾಲರ್ ಪಾರ್ಕ್.

ಇದರಿಂದ ಅಗೆದದ್ದೆಲ್ಲ ಮಾಫಿ ಅಂತಲ್ಲ. ಹೋದ ಹವಳದ ದಿಬ್ಬ ವಾಪಸ್ ಬರಲ್ಲ, ಈಗಿರೋದು ಮನುಷ್ಯ ನೆಟ್ಟ ಬೇರೆಯದೇ ಕಾಡು. ಆದರೆ ಅಲ್ಲಿ ಅಗೆದವರೇ ನೆಡಲಿಕ್ಕೂ ನಿಂತರು, ಅದೂ ಜಿರಾಫೆಯಿಂದಲ್ಲ, ಮಣ್ಣಿಂದ ಶುರು ಮಾಡಿದರು.

ಕಲ್ಲು ಹೊತ್ತೊಯ್ದವರಲ್ಲಿ ನಮ್ಮ ಮನೆಯವರೂ ಇದ್ದೇವೆ. ಈ ಮಳೆಗಾಲಕ್ಕೆ ಊರಿಗೆ ಹೋದಾಗ, ಆ ಹೊಂಡದ ಜಾಗ ಈಗ ಯಾರ ಹೆಸರಲ್ಲಿದೆ ಅಂತ ಅಪ್ಪನ ಹತ್ರ ಕೇಳಬೇಕು.